ಕುಲುಮೆಯವನ ದಿನಗೂಲಿ: ಸ್ಪೇನಿನ ವ್ಯಂಗ್ಯಚಿತ್ರಕಾರ ಫೋರ್ಹೆಸ್



2010ರ ಜನವರಿ 12ರ ಸಂಜೆ ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ 7.0. ರಾಜಧಾನಿಯಲ್ಲಿ ಅಧ್ಯಕ್ಷರ ಅರಮನೆಯೇ ಕುಸಿದು ಕೂತಿತು. ಸತ್ತವರು ಎರಡು ಲಕ್ಷಕ್ಕೂ ಹೆಚ್ಚೆಂದು ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟಿತು. ಜಗತ್ತಿನ ಪತ್ರಿಕೆಗಳು ಮುಖಪುಟದ ತುಂಬ ಹೈಟಿಯನ್ನು ಹರಡಿದವು. ದಿನ ಕಳೆದಂತೆ ಸುದ್ದಿ ಒಳಪುಟಕ್ಕೆ ಸರಿಯಿತು, ಆಮೇಲೆ ಒಂದು ಪ್ಯಾರಾಕ್ಕೆ ಇಳಿಯಿತು, ಆಮೇಲೆ ಅದೂ ಇಲ್ಲವಾಯಿತು. ಎಲ್ಲ ದೊಡ್ಡ ದುರಂತಗಳ ಪತ್ರಿಕಾ ಜಾತಕವೂ ಹೀಗೆಯೇ.

ಮ್ಯಾಡ್ರಿಡ್‌ನ ‘ಎಲ್ ಪಾಯಿಸ್’ ಪತ್ರಿಕೆಯ ಒಂದು ಚೌಕದಲ್ಲಿ ಮಾತ್ರ ಹಾಗಾಗಲಿಲ್ಲ. ಆ ಚೌಕದೊಳಗೆ ದೊಡ್ಡ ಮೂಗಿನ ಗಂಡ, ಅವನಿಗಿಂತ ದೊಡ್ಡ ಗಾತ್ರದ ಹೆಂಡತಿ, ಇಲ್ಲವೇ ದ್ವೀಪದಲ್ಲಿ ಸಿಕ್ಕಿಬಿದ್ದ ನಾವಿಕ, ತಲೆಗೆ ವಸ್ತ್ರ ಕಟ್ಟಿಕೊಂಡ ಇಬ್ಬರು ಹಳ್ಳಿ ಮುದುಕಿಯರು ಅವತ್ತಿನ ಸಂಗತಿ ಮಾತಾಡಿಕೊಳ್ಳುತ್ತಿದ್ದರು. ಬ್ಯಾಂಕು, ಚುನಾವಣೆ, ಫುಟ್‌ಬಾಲು, ಸೆಖೆ, ಏನಾದರೂ ಇರಬಹುದು. ಅದರ ಜೊತೆಗೆ ಕೈಬರಹದಲ್ಲಿ ಒಂದು ಪುಟ್ಟ ಸಾಲು: ಆದರೆ ಹೈಟಿಯನ್ನು ಮರೆಯಬೇಡ. ಮರುದಿನ ನಗೆ ಬೇರೆ, ಸಾಲು ಅದೇ. ಮರುವಾರವೂ ಅದೇ. ಮರುವರ್ಷವೂ ಅದೇ.

ಹೀಗೆ ಹಟ ಹಿಡಿದು ಬರೆದವರ ಹೆಸರು ಅಂತೋನಿಯೊ ಫ್ರಾಗ್ವಾಸ್ ದೆ ಪಾಬ್ಲೊ. ಓದುಗರಿಗೆ ಅವರು ಫೋರ್ಹೆಸ್. ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಸ್ಪೇನಿನ ಪತ್ರಿಕೆಗಳಿಗೆ ಬರೆದ ಈ ಮನುಷ್ಯನ ವೃತ್ತಿಜೀವನವೇ ಇಂದಿನ ಉಪನ್ಯಾಸದ ವಸ್ತು. ಬೆಳಿಗ್ಗೆ ಅಚ್ಚಾಗಿ ಸಂಜೆಗೆ ರದ್ದಿಯಾಗುವ ಕಸುಬಿನಲ್ಲಿ ಇದ್ದುಕೊಂಡು, ಮತ್ತೆ ಮತ್ತೆ ಬರುವುದನ್ನೇ ತನ್ನ ಬಲ ಮಾಡಿಕೊಂಡವರು ಅವರು. ಅದೇ ಜನ, ಅದೇ ಮಾತು, ಅದೇ ಮೂಲೆ. ದಿನಗೂಲಿಯವನು ದಿನಾ ಹಾಜರಾಗುವ ಹಾಗೆ.

ಹೆಸರಿನ ಕುಲುಮೆ

ಫೋರ್ಹೆಸ್ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ, 1942ರ ಜನವರಿ 17ರಂದು. ತಂದೆ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದವರು, ಪತ್ರಕರ್ತರು. ತಾಯಿ ಈಶಾನ್ಯದ ಕತಲೋನಿಯಾದವರು. ಎರಡೂ ಕಡೆ ಸ್ಪ್ಯಾನಿಷ್ ಜೊತೆಗೆ ತಮ್ಮದೇ ಭಾಷೆ ಇಟ್ಟುಕೊಂಡ ಜನ. ‘ಫ್ರಾಗ್ವಾಸ್’ ಎಂಬ ಮನೆತನದ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ಕುಲುಮೆಗಳು ಎಂದರ್ಥ. ಅದನ್ನು ತಾಯಿಯ ಕತಲಾನ್ ಭಾಷೆಗೆ ತಿರುಗಿಸಿದರೆ ‘ಫೋರ್ಜಸ್’. ಅದನ್ನೇ ಮಗ ಅಂಕಿತವಾಗಿ ಇಟ್ಟುಕೊಂಡರು. ಮ್ಯಾಡ್ರಿಡ್‌ನ ಜನ ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿ ಫೋರ್ಹೆಸ್ ಅಂದರು. ಅಪ್ಪನ ಹೆಸರು ಅಮ್ಮನ ಭಾಷೆಯಲ್ಲಿ, ಊರಿನವರ ಉಚ್ಚಾರದಲ್ಲಿ!

ಅಂದಿನ ಸ್ಪೇನಿನಲ್ಲಿ ಇದು ಬರೀ ಚಮತ್ಕಾರವಾಗಿರಲಿಲ್ಲ. 1939ರಲ್ಲಿ ಅಂತರ್ಯುದ್ಧ ಗೆದ್ದು ಗದ್ದುಗೆ ಹಿಡಿದ ಜನರಲ್ ಫ್ರಾಂಕೊ ಆಳ್ವಿಕೆಯಲ್ಲಿ ಶಾಲೆ, ಕಚೇರಿ, ಪತ್ರಿಕೆ ಎಲ್ಲಕ್ಕೂ ಸ್ಪ್ಯಾನಿಷ್ ಒಂದೇ ಭಾಷೆ. ಕತಲಾನ್ ಅಡುಗೆಮನೆಗೆ, ಗಲೀಸಿಯನ್ ಹೊಲದ ಬದುವಿಗೆ ಸರಿದಿದ್ದ ಕಾಲ. ಹಾಗಿರುವಾಗ ರಾಜಧಾನಿಯ ಪತ್ರಿಕೆಯಲ್ಲಿ ಕತಲಾನ್ ಪದವೊಂದು ದಿನವೂ ಸಹಿಯಾಗಿ ಅಚ್ಚಾಗುತ್ತಿತ್ತು.

ಓದಿನಲ್ಲಿ ಹುಡುಗ ಮುಂದಿರಲಿಲ್ಲ. ಮಕ್ಕಳು ತುಂಬಿದ ಮನೆ, ದುಡಿಯಲೇಬೇಕು. 1956ರ ಅಕ್ಟೋಬರಿನಲ್ಲಿ ಸ್ಪೇನಿನ ಸರ್ಕಾರಿ ದೂರದರ್ಶನ ಪ್ರಸಾರ ಶುರುಮಾಡಿತು. ಆ ವರ್ಷವೇ, 14ನೇ ವಯಸ್ಸಿನಲ್ಲಿ, ಅವರು ಅಲ್ಲಿ ಕೆಲಸಕ್ಕೆ ಸೇರಿದರು. ಸಿನಿಮಾ ರೀಲನ್ನು ಟಿವಿಯ ಸಂಕೇತವಾಗಿ ಬದಲಿಸುವ ‘ಟೆಲಿಸಿನೆ’ ವಿಭಾಗ ಅದು. ಒಂದೊಂದೇ ಚೌಕಟ್ಟು ಬೆಳಕಿನ ಮುಂದೆ ಹಾದುಹೋಗುವುದನ್ನು ಕಾಯುವ ಕೆಲಸ. 1973ರಲ್ಲಿ ಪೂರ್ತಿ ಚಿತ್ರಕ್ಕೆ ಕೂರುವವರೆಗೆ ಅವರ ಸಂಬಳದ ಕೆಲಸ ದೂರದರ್ಶನದ್ದೇ ಆಗಿತ್ತು. ಅಂದರೆ ಚಿತ್ರಗಳು ಅಚ್ಚಾಗತೊಡಗಿದ ಮೊದಲ ಒಂಬತ್ತು ವರ್ಷ ಸ್ಪೇನಿನ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಬಿಡುವಿನ ವೇಳೆಯ ವ್ಯಂಗ್ಯಚಿತ್ರಕಾರ.

ಸಾಧ್ಯವಾದ ಮಟ್ಟಿಗಿನ ನಗೆ

ಮೊದಲ ಚಿತ್ರ ಅಚ್ಚಾದದ್ದು 1964ರಲ್ಲಿ, ‘ಪುವೆಬ್ಲೊ’ ಎಂಬ ಸಂಜೆ ಪತ್ರಿಕೆಯಲ್ಲಿ. ಅದು ಆಳುವವರ ಕಾರ್ಮಿಕ ಸಂಘಟನೆಗೇ ಸೇರಿದ ಪತ್ರಿಕೆ. ಅಲ್ಲಿಗೆ ಕೈಹಿಡಿದು ಕರೆದೊಯ್ದವರು ಹೆಸುಸ್ ಎರ್ಮೀದಾ. ಮುಂದೆ 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ಅಮೆರಿಕದಿಂದ ಸ್ಪೇನಿನ ಮನೆಮನೆಗೆ ಬಣ್ಣಿಸಿ ಮಾತಾದವರು ಇವರೇ. ಪುವೆಬ್ಲೊದಿಂದ ಫೋರ್ಹೆಸ್ ಇನ್ನೊಂದು ಸಂಜೆ ಪತ್ರಿಕೆ ‘ಇನ್‌ಫೋರ್ಮಾಸಿಯೋನೆಸ್’ಗೆ ಹೋದರು. ಸಂಪಾದಕ ಹೆಸುಸ್ ದೆ ಲಾ ಸೆರ್ನಾ ಅವರಿಗೆ ಸಂಪಾದಕೀಯ ಚಿತ್ರದ ಹೊಣೆಯನ್ನೇ ಒಪ್ಪಿಸಿದರು. ಸಂಪಾದಕೀಯ ಚಿತ್ರ ಎಂದರೆ ಪುಟ ತುಂಬಿಸುವ ಜೋಕು ಅಲ್ಲ. ಪತ್ರಿಕೆಯ ನಿಲುವನ್ನು ಹೇಳುವ ಜಾಗ.

ನಿಲುವು ಹೇಳಲು ಆ ಕಾಲದಲ್ಲಿ ಎಷ್ಟು ಜಾಗವಿತ್ತು? 1938ರ ಪತ್ರಿಕಾ ಕಾಯ್ದೆಯ ಪ್ರಕಾರ ಎಲ್ಲವೂ ಅಚ್ಚಿಗೆ ಮುಂಚೆ ಸರ್ಕಾರದ ಕಣ್ಣಿನಡಿ ಹೋಗಬೇಕಿತ್ತು. 1966ರ ಮಾರ್ಚಿನಲ್ಲಿ ವಾರ್ತೆ ಮತ್ತು ಪ್ರವಾಸೋದ್ಯಮ ಸಚಿವ ಮನುವೆಲ್ ಫ್ರಾಗಾ ತಂದ ಹೊಸ ಕಾಯ್ದೆ ಈ ಪೂರ್ವ ಪರಿಶೀಲನೆಯನ್ನು ತೆಗೆದುಹಾಕಿತು. ಕೇಳಲು ಚೆನ್ನ. ಆದರೆ ಮಾರಾಟಕ್ಕೆ ಮುನ್ನ ಪ್ರತಿಗಳನ್ನು ಸಚಿವಾಲಯಕ್ಕೆ ಒಪ್ಪಿಸಬೇಕು. ಅಲ್ಲಿನವರಿಗೆ ಹಿಡಿಸದಿದ್ದರೆ ಸಂಚಿಕೆ ಜಪ್ತಿ, ದಂಡ, ಪತ್ರಿಕೆಗೆ ಬಾಗಿಲು. ಕತ್ತರಿ ಸರ್ಕಾರದ ಕೈಯಿಂದ ಸಂಪಾದಕನ ಕೈಗೆ ಬಂತು, ಅಷ್ಟೆ. ನಂಬದವರು ‘ಮ್ಯಾಡ್ರಿಡ್’ ಎಂಬ ಹೆಸರಿನ ದಿನಪತ್ರಿಕೆಯ ಕಡೆ ನೋಡಬಹುದಿತ್ತು: 1971ರ ನವೆಂಬರಿನಲ್ಲಿ ಅದನ್ನು ಮುಚ್ಚಿಸಲಾಯಿತು, 1973ರ ಏಪ್ರಿಲಿನಲ್ಲಿ ಅದರ ಕಟ್ಟಡವನ್ನು ಸಿಡಿಮದ್ದಿಟ್ಟು ಕೆಡವಲಾಯಿತು. ದೂಳಿನ ಮೋಡವಾಗಿ ಇಳಿಯುತ್ತಿರುವ ಆ ಕಟ್ಟಡದ ಫೋಟೋ ಸ್ಪೇನಿನ ಪತ್ರಿಕಾ ಚರಿತ್ರೆಯಲ್ಲಿ ಪ್ರಸಿದ್ಧ.

ಫೋರ್ಹೆಸ್ ಸಂಬಳ ಬಿಟ್ಟು ಚಿತ್ರವನ್ನೇ ನಂಬಿ ಹೊರಟದ್ದು ಅದೇ 1973ರಲ್ಲಿ.

ನಗೆಪತ್ರಿಕೆಗಳಿಗೂ ಇದೇ ಬಿಸಿ. 1941ರಲ್ಲಿ ಮಿಗೆಲ್ ಮಿಉರಾ ಆರಂಭಿಸಿದ ‘ಲಾ ಕೊದೋರ್ನಿಸ್’ ಅಸಂಬದ್ಧ ಹಾಸ್ಯದ ಮರೆಯಲ್ಲಿ ದಶಕಗಳನ್ನು ದಾಟಿತ್ತು. ಅದನ್ನೂ 1973ರಲ್ಲಿ, ಮತ್ತೆ 1975ರಲ್ಲಿ ತಿಂಗಳುಗಟ್ಟಲೆ ನಿಲ್ಲಿಸಲಾಯಿತು. 1972ರ ಮೇ ತಿಂಗಳಲ್ಲಿ ಚೂಮಿ ಚೂಮೆಸ್ ಮುಂದಾಳಾಗಿ ‘ಎರ್ಮಾನೊ ಲೋಬೊ’, ಎಂದರೆ ‘ತೋಳಣ್ಣ’, ಎಂಬ ವಾರಪತ್ರಿಕೆ ಬಂತು. ಹೆಸರಿನ ಕೆಳಗೆ ಅದು ಅಚ್ಚು ಹಾಕಿಸಿಕೊಂಡ ವಿವರಣೆಯ ತಾತ್ಪರ್ಯ: ಸಾಧ್ಯವಾದ ಮಟ್ಟಿಗಿನ ಹಾಸ್ಯದ ವಾರಪತ್ರಿಕೆ. ಇದಕ್ಕಿಂತ ನಿಖರವಾಗಿ ಆ ಕಾಲವನ್ನು ಹೇಳುವುದು ಕಷ್ಟ. ಅದರಲ್ಲಿ ತೋಳನಿಗೆ ಪ್ರಶ್ನೆ ಕೇಳುವ ಅಂಕಣವಿತ್ತು. ದೇಶದ ಸ್ಥಿತಿಗತಿಯ ಒಂದೊಂದು ಪ್ರಶ್ನೆಗೂ ತೋಳ ‘ಊಊಊ’ ಎಂದು ಊಳಿಡುತ್ತಿತ್ತು. ಕೊನೆಯ ಪ್ರಶ್ನೆಗೆ ಮಾತ್ರ ಬಾಯಿಬಿಟ್ಟು, ಮುಂದಿನ ವರ್ಷ, ದೇವರ ಚಿತ್ತವಿದ್ದರೆ, ಎನ್ನುತ್ತಿತ್ತು. ಏನು ಮುಂದಿನ ವರ್ಷ? ಎಂಬತ್ತರ ಅಂಚಿನ ಸರ್ವಾಧಿಕಾರಿ ಇದ್ದ ದೇಶದ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಆ ತೋಳನ ಗುಂಪಿನಲ್ಲಿ ಫೋರ್ಹೆಸ್ ಇದ್ದರು. ಮುಂದೆ ‘ಪೋರ್ ಫವೋರ್’, ‘ಎಲ್ ಹುಯೆವೆಸ್’ ಎಂಬ ನಗೆಪತ್ರಿಕೆಗಳಿಗೂ ಬರೆದರು. ಸರ್ವಾಧಿಕಾರಿ ಸತ್ತ ಮೇಲೂ ನಗುವುದು ಅಪಾಯದ ಕೆಲಸವೇ ಆಗಿತ್ತು: 1977ರ ಸೆಪ್ಟೆಂಬರ್ 20ರಂದು ಬಾರ್ಸಿಲೋನಾದಲ್ಲಿ ‘ಎಲ್ ಪಾಪುಸ್’ ಎಂಬ ವಿಡಂಬನ ಪತ್ರಿಕೆಯ ಕಚೇರಿಗೆ ಬಾಂಬಿನ ಪೊಟ್ಟಣ ಬಂತು. ಸತ್ತದ್ದು ಬರೆದವನೂ ಅಲ್ಲ, ಚಿತ್ರಿಸಿದವನೂ ಅಲ್ಲ, ಬಾಗಿಲು ಕಾಯುತ್ತಿದ್ದವನು.

ಚೌಕದೊಳಗಿನ ಮನೆ

ಫೋರ್ಹೆಸ್ ಅವರ ಒಂದು ಚಿತ್ರವನ್ನು ಕೈಯಲ್ಲಿ ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು ಮನುಷ್ಯರಲ್ಲ, ಮಾತು ತುಂಬಿದ ಗುಳ್ಳೆ. ಉಳಿದ ಚಿತ್ರಕಾರರು ಗುಳ್ಳೆಯ ಸುತ್ತ ಎಳೆಯುವ ಗೆರೆ ತೆಳ್ಳಗೆ, ಕಂಡೂ ಕಾಣದಂತೆ. ಇವರದು ದಪ್ಪ ಕಪ್ಪು ಅಂಚು. ಮರಣವಾರ್ತೆಯ ಚೌಕಟ್ಟಿನಷ್ಟು ದಪ್ಪ. ಒಳಗೆ ಅವರದೇ ಕೈಬರಹ. ಗುಳ್ಳೆಯ ಅಡಿಯಲ್ಲಿ ಅದರ ಭಾರ ಹೊತ್ತಂತೆ ಜನ: ಉರುಟು ತಲೆ, ಬದನೆಕಾಯಿಯಂಥ ಮೂಗು. ಗೆರೆ ನಡುಗುವುದಿಲ್ಲ, ಸೌಂದರ್ಯ ತೋರಿಸುವ ಹಂಬಲವೂ ಅದಕ್ಕಿಲ್ಲ.

ಆ ಜನರಲ್ಲಿ ಹಿರಿಯ ದಂಪತಿ ಮಾರಿಯಾನೊ ಮತ್ತು ಕೋಂಚಾ. ಮಾರಿಯಾನೊ ಕಚೇರಿಯ ಗುಮಾಸ್ತ. ಮೇಲಧಿಕಾರಿಗೆ ಹೆದರುತ್ತಾನೆ, ಹೆಂಡತಿಗೆ ಹೆದರುತ್ತಾನೆ, ಮನಸ್ಸಿನೊಳಗೆ ಮಾತ್ರ ಮಹಾಶೂರ. ಕೋಂಚಾ ಮನೆಯ ತೂಕ ಮತ್ತು ನ್ಯಾಯ ಎರಡೂ. ಇವರ ಸಂಸಾರ ನಡೆಯುವುದು ಟಿವಿಯ ಮುಂದೆ, ಮಂಚದ ಮೇಲೆ. ನಗರದ ಈ ಜೋಡಿಯ ಆಚೆಗೆ ‘ಬ್ಲಾಸಿಯೋಸ್’ ಎಂಬ ಹಳ್ಳಿಗರಿದ್ದಾರೆ. ಬಟಾಬಯಲಿನಲ್ಲಿ ನಿಂತು ಲೋಕದ ಸ್ಥಿತಿ ಹೇಳುವುದೇ ಅವರ ಕಸುಬು. ಕಂಪ್ಯೂಟರ್, ಯೂರೋಪಿನ ಒಕ್ಕೂಟ, ಬಡ್ಡಿದರ ಎಲ್ಲದರ ಬಗ್ಗೆಯೂ ತಿಳಿದವರಂತೆ ಮಾತಾಡುವ ಮುದುಕಿಯರಿದ್ದಾರೆ. ದ್ವೀಪದಲ್ಲಿ ಸಿಕ್ಕಿಬಿದ್ದವರಿದ್ದಾರೆ, ಸುತ್ತ ನೀರು, ನಡುವೆ ಹಿಡಿಯಷ್ಟು ನೆಲ, ಅಲ್ಲಿಗೂ ದೇಶದ ರಾಜಕೀಯ ಬಿಡದೆ ಬಂದು ತಲುಪುತ್ತದೆ.

ಗಮನಿಸಬೇಕಾದದ್ದು, ಇವರಾರೂ ಮಂತ್ರಿಗಳಲ್ಲ. ಫ್ರಾಂಕೊ ಕಾಲದಲ್ಲಿ ಅವನ ಮುಖ ಬರೆಯುವಂತೆಯೇ ಇರಲಿಲ್ಲ. ಹಾಗಾಗಿ ಆ ತಲೆಮಾರಿನ ಚಿತ್ರಕಾರರು ಆಳುವವರನ್ನು ಬಿಟ್ಟು ಆಳಿಸಿಕೊಳ್ಳುವವರನ್ನು ಬರೆದು ಕಲಿತರು. ಪ್ರಜಾಪ್ರಭುತ್ವ ಬಂದ ಮೇಲೆ ಕಟ್ಟು ಸಡಿಲಿತು. ‘ಎಲ್ ಪಾಯಿಸ್’ನಲ್ಲಿ ಪೆರಿದಿಸ್ ಎಂಬ ಅಂಕಿತದ ವಾಸ್ತುಶಿಲ್ಪಿ ಪ್ರಧಾನಿ ಆದೋಲ್ಫೊ ಸ್ವಾರೆಸ್ ಅವರನ್ನು ಕಂಬದ ತುದಿಯಲ್ಲಿ ಕೂರಿಸಿ ದಿನವೂ ಬರೆದರು. ಫೋರ್ಹೆಸ್ ಹೆಚ್ಚಾಗಿ ತಮ್ಮ ಮಾರಿಯಾನೊ, ಕೋಂಚಾರನ್ನೇ ಹಿಡಿದುಕೊಂಡರು. ಪ್ರಧಾನಿಗಳು ಬಂದರು, ಹೋದರು, ಗುಮಾಸ್ತ ಕಾಯಂ.

ಒಂದು ಆಕ್ಷೇಪಣೆಯನ್ನು ಇಲ್ಲೇ ಹೇಳಿಬಿಡಬೇಕು. ಇಂದಿನ ಕಣ್ಣಿಗೆ ಹಳೆಯ ಮಾರಿಯಾನೊ-ಕೋಂಚಾ ಚಿತ್ರಗಳಲ್ಲಿ ಅರ್ಧ ನಗು ಹೆಂಗಸಿನ ಗಾತ್ರದ ಮೇಲೇ ನಿಂತಂತೆ ಕಾಣುತ್ತದೆ. ಬಜಾರಿ ಹೆಂಡತಿ, ಪುಕ್ಕಲು ಗಂಡ ಎಂಬ ಅಚ್ಚು ಫೋರ್ಹೆಸ್ ಅವರದಲ್ಲ. ಪ್ರಹಸನ ಹುಟ್ಟಿದಾಗಿನಿಂದ ಇದೆ. ಅವರು ಅದನ್ನು ಒಡೆಯಲೂ ಇಲ್ಲ. ಆದರೆ ಅದೇ ಲೇಖನಿಯ ಹಳ್ಳಿ ಮುದುಕಿಯರು ಗಂಡಸರ ದೊಡ್ಡ ಮಾತಿಗೆ ಸೂಜಿ ಚುಚ್ಚುವವರು. ಹುಡುಗಿಯರ ಓದು, ಮನೆಯೊಳಗಿನ ಹೊಡೆತ, ಹೆಂಗಸಿನ ಲೆಕ್ಕಕ್ಕೆ ಬಾರದ ದುಡಿಮೆ ಇವೆಲ್ಲ ಅವರ ಚೌಕಕ್ಕೆ ಪದೇ ಪದೇ ಬಂದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಸರಿ.

ಬಾಯಿಗೆ ಬಂದಂತೆ

ಫೋರ್ಹೆಸ್ ಅವರ ನಿಜವಾದ ಕುಲುಮೆ ಭಾಷೆ. ನಲವತ್ತು ವರ್ಷ ಸ್ಪೇನಿನ ಜನ ದಿನವೂ ಓದಿದ್ದು ಕಂಚಿನ ಕಂಠದ ಸರ್ಕಾರಿ ಸ್ಪ್ಯಾನಿಷ್: ಪಿತೃಭೂಮಿ, ಧರ್ಮಯುದ್ಧ, ಐಕ್ಯ, ಶಿಸ್ತು. ಪತ್ರಿಕೆಯಲ್ಲಿ ಜನ ಮಾತಾಡುವ ಹಾಗೆ ಯಾರೂ ಮಾತಾಡುತ್ತಿರಲಿಲ್ಲ. ಫೋರ್ಹೆಸ್ ಆ ದಪ್ಪ ಅಂಚಿನ ಗುಳ್ಳೆಯೊಳಗೆ ಕಾಫಿ ಅಂಗಡಿಯ ಮಾತನ್ನು, ಬಸ್ಸಿನ ಮಾತನ್ನು, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಯಾರೂ ಇನ್ನೂ ಆಡದ ಮಾತನ್ನು ತುಂಬಿದರು.

ಕೆಲವು ಉದಾಹರಣೆಗಳು. ಬೆಚ್ಚಿಬಿದ್ದಾಗ ಸ್ಪೇನಿನ ಮನೆಯಾಕೆ ‘ವಿರ್ಹೆನ್ ಸಾಂತಾ’ ಎನ್ನುತ್ತಾಳೆ, ಎಂದರೆ ಪವಿತ್ರ ಕನ್ಯಾಮಾತೆಯೇ. ಫೋರ್ಹೆಸ್ ಅದರ ತಲೆ ಹಾರಿಸಿ ‘ಹೆನ್ಸಾಂತಾ!’ ಮಾಡಿದರು. ‘ಅಯ್ಯೋ ಶಿವನೇ’ ಎನ್ನುವುದು ಅವಸರದಲ್ಲಿ ‘ಯೋಶ್ನೇ’ ಆಗುತ್ತದಲ್ಲ, ಹಾಗೆ. ದೇವರ ಹೆಸರೂ ಉಳಿಯಿತು, ಭಕ್ತಿ ಮಾತ್ರ ಉಸಿರಿನಲ್ಲಿ ಹಾರಿಹೋಯಿತು.

‘ಎಸ್ತುಪೆಂದೊ’ ಎಂದರೆ ಭರ್ಜರಿ. ಸ್ಪ್ಯಾನಿಷ್ ನಾಲಿಗೆಗೆ ಪದದ ಮೊದಲಿಗೇ ‘ಸ್ತ’, ‘ಸ್ಕ’ ಬಂದರೆ ಆಗದು; ಮುಂದೆ ಒಂದು ‘ಎ’ ಸೇರಿಸಿಕೊಳ್ಳುತ್ತದೆ. ಶಾಲೆ ಅವರಿಗೆ ‘ಎಸ್ಕ್ವೇಲಾ’. ಸ್ಕೂಲನ್ನು ‘ಇಸ್ಕೂಲು’, ಸ್ಟೇಷನ್ನನ್ನು ‘ಇಸ್ಟೇಷನ್ನು’ ಮಾಡಿಕೊಂಡ ನಮಗೆ ಇದು ಬಿಡಿಸಿ ಹೇಳದೆಯೇ ಅರ್ಥವಾಗುವ ಸಂಗತಿ. ಫೋರ್ಹೆಸ್ ಆ ‘ಎ’ಯನ್ನು ಕಿತ್ತೊಗೆದು ‘ಸ್ತುಪೆಂದೊ’ ಎಂದು ಬರೆದರು. ಒಂದೇ ಅಕ್ಷರ ಹೋಯಿತು. ಹೇಳುವವನ ಠೀವಿ, ಹುಸಿ ದೊಡ್ಡಸ್ತಿಕೆ ಎಲ್ಲ ಮುಖಕ್ಕೆ ಬಂತು.

ಇನ್ನೊಂದನ್ನು ಹತ್ತಿರದಿಂದ ನೋಡಬೇಕು. ಸ್ಪ್ಯಾನಿಷ್‌ನಲ್ಲಿ ‘ಬೋಕಾ’ ಎಂದರೆ ಬಾಯಿ. ‘ಬೋಕಾದಿಯೊ’ ಎಂದರೆ ಬಾಯಿಗಿಡುವ ತುತ್ತು: ಉದ್ದನೆಯ ಬ್ರೆಡ್ಡನ್ನು ಸೀಳಿ ನಡುವೆ ಮಾಂಸವನ್ನೋ ಆಮ್ಲೆಟ್ಟನ್ನೋ ಇಟ್ಟ ತಿನಿಸು. ಅದೇ ಪದಕ್ಕೆ ಇನ್ನೊಂದು ಅರ್ಥ, ವ್ಯಂಗ್ಯಚಿತ್ರದ ಮಾತಿನ ಗುಳ್ಳೆ. ಬಾಯಿಗೆ ಹೋಗುವುದೂ ಬೋಕಾದಿಯೊ, ಬಾಯಿಂದ ಬರುವುದೂ ಬೋಕಾದಿಯೊ. 1970ರ ದಶಕದಲ್ಲಿ ಮ್ಯಾಡ್ರಿಡ್‌ನ ಪಡ್ಡೆಗಳ ಮಾತಿನಲ್ಲಿ ಪದದ ಬಾಲ ಕತ್ತರಿಸಿ ‘ಆತಾ’ ಅಂಟಿಸುವ ಚಾಳಿ ಇತ್ತು. ಬೋಕಾದಿಯೊ ‘ಬೋಕಾತಾ’ ಆಯಿತು. ಅದು ಮ್ಯಾಡ್ರಿಡ್ ದಾಟಿ ದೇಶದ ಬಾಯಿಗೆ ಬಿದ್ದದ್ದರಲ್ಲಿ ಫೋರ್ಹೆಸ್ ಅವರ ಪಾಲು ದೊಡ್ಡದೆಂದು ಸ್ಪೇನಿನವರು ಲೆಕ್ಕ ಹಾಕುತ್ತಾರೆ. ಇಂದು ರಾಜಮನೆತನದ ಭಾಷಾ ಅಕಾಡೆಮಿಯ ನಿಘಂಟಿನಲ್ಲೇ ಬೋಕಾತಾ ಕುಳಿತಿದೆ. ತೊಡೆಗೆ ‘ಮುಸ್ಲೊ’ ಎಂದು ಹೆಸರು. ಅದಕ್ಕೆ ಗಾಂಭೀರ್ಯದ ಪ್ರತ್ಯಯ ಹಚ್ಚಿದ ‘ಮುಸ್ಲಾಮೆನ್’, ಎಂದರೆ ತೊಡೆಸಂಪತ್ತು, ಅದೂ ನಿಘಂಟು ಸೇರಿದೆ.

ಫೋರ್ಹೆಸ್ ಕಾಗುಣಿತವನ್ನೂ ಬಿಡಲಿಲ್ಲ. ಅವರು ಎರಡು ಸಿನಿಮಾ ನಿರ್ದೇಶಿಸಿದರು: 1975ರ ‘ಪಾಯಿಸ್, ಎಸ್.ಎ.’, ಎಂದರೆ ದೇಶವೆಂಬ ಕಂಪನಿ. 1977ರ ‘ಎಲ್ ಬೆಂಗಾದೋರ್ ಗುಸ್ತಿಸಿಯೆರೊ ಇ ಸು ಪಾಸ್ತೆಲೇರಾ ಮಾದ್ರೆ’. ಎರಡನೆಯದನ್ನು ಸರಿಯಾಗಿ ಬರೆದರೆ ‘ಸೇಡು ತೀರಿಸುವ ನ್ಯಾಯವಂತ ಮತ್ತು ಅವನ ಮಿಠಾಯಿ ಮಾಡುವ ತಾಯಿ’. ಸ್ಪ್ಯಾನಿಷ್‌ನಲ್ಲಿ ‘ಬ’ ಮತ್ತು ‘ವ’ ಅಕ್ಷರಗಳ ಉಚ್ಚಾರ ಒಂದೇ ಆದ್ದರಿಂದ ಅವನ್ನು ಅದಲುಬದಲು ಮಾಡುವುದು ನಮ್ಮ ಮಕ್ಕಳು ಶ-ಷ ತಪ್ಪಿಸಿದಂತೆ. ಮೇಲಿನ ಹೆಸರಿನಲ್ಲಿ ಆ ತಪ್ಪು ಬೇಕೆಂದೇ ಆಗಿದೆ, ಅದೂ ಪೋಸ್ಟರಿನಲ್ಲಿ. ‘ಮಿಠಾಯಿ ಮಾಡುವ ತಾಯಿ’ ಎಂಬುದೂ ಅಮಾಯಕ ಮಾತಲ್ಲ. ತಾಯಿಯನ್ನು ಹಿಡಿದು ಬೈಯುವ ಅವಾಚ್ಯ ಬೈಗುಳಕ್ಕೆ ಸಕ್ಕರೆ ಲೇಪಿಸಿದ್ದು.

ನಲವತ್ತರ ಲೆಕ್ಕ

1975ರ ನವೆಂಬರ್ 20ರಂದು ಫ್ರಾಂಕೊ ತೀರಿಕೊಂಡ. 1976ರ ಮೇ 4ರಂದು ‘ಎಲ್ ಪಾಯಿಸ್’ ಹುಟ್ಟಿತು. ಅದೇ 1976ರಲ್ಲಿ ಫೋರ್ಹೆಸ್ ಅವರ ‘ಲೋಸ್ ಫೋರೆಂತಾ ಆಞೋಸ್’ ಪುಸ್ತಕವೂ ಬಂತು. ‘ಕ್ವಾರೆಂತಾ ಆಞೋಸ್’ ಎಂದರೆ ನಲವತ್ತು ವರ್ಷ. ಫ್ರಾಂಕೊ ಆಳ್ವಿಕೆಗೆ ಸ್ಪೇನಿನಲ್ಲಿ ಬೇರೆ ಹೆಸರೇ ಬೇಡ, ನಲವತ್ತು ವರ್ಷ ಎಂದರೆ ಸಾಕು. ಆ ಕ್ವಾರೆಂತಾದ ತಲೆ ತೆಗೆದು ಫೋರ್ಹೆಸ್ ತಮ್ಮ ಹೆಸರಿನ ತಲೆ ಇಟ್ಟರು. ಜೊತೆಗೆ ‘ಫೋರಾರ್ಸೆ’ ಎಂಬ ಆಡುಮಾತಿನ ನೆರಳೂ ಅಲ್ಲಿ ಬೀಳುತ್ತದೆ: ಚೆನ್ನಾಗಿ ದುಡ್ಡು ಮಾಡಿಕೊಳ್ಳುವುದು. ಇದನ್ನು ಕನ್ನಡಕ್ಕೆ ತರಹೊರಟವರಿಗೆ ‘ಫೋರ್ವತ್ತು ವರ್ಷ’ ಎಂದು ಹೊಳೆಯಬಹುದು. ನಮ್ಮ ಕಿವಿಗೆ ಇಂಗ್ಲಿಷಿನ ನಾಲ್ಕೂ ಅದರೊಳಗೆ ಕೇಳುತ್ತದೆ. ಅಲ್ಲಿಗೆ ಲೆಕ್ಕವೂ ಸರಿ! ದುಡ್ಡು ಮಾಡಿಕೊಂಡವರು ಮಾತ್ರ ತಪ್ಪಿಸಿಕೊಳ್ಳುತ್ತಾರೆ.

ಪುಸ್ತಕದ ಬಗೆ ಸರಳ: ಆಗಷ್ಟೇ ಮುಗಿದ ಕಾಲವನ್ನು, ಅದರ ಬಗ್ಗೆ ಗಂಭೀರ ಚರಿತ್ರೆಗಳು ತುಂಬಿಕೊಳ್ಳುವ ಮೊದಲೇ, ಗುಮಾಸ್ತನ ಮಟ್ಟದಿಂದ ಹೇಳುವುದು. ಅದು ಹಿಡಿಸಿತು. 1980ರ ದಶಕದ ಹೊಸ್ತಿಲಲ್ಲಿ ಅವರು ಇಡೀ ದೇಶದ ಚರಿತ್ರೆಗೇ ಕೈಹಾಕಿ ಕಂತುಕಂತಾಗಿ ಹೊರತಂದರು. ಹೆಸರು ‘ಇಸ್ತೋರಿಯಾ ದೆ ಆಕಿ’: ಇಲ್ಲಿನ ಚರಿತ್ರೆ. ಸ್ಪೇನಿನದು ಎನ್ನಲಿಲ್ಲ, ಸಾಮ್ರಾಜ್ಯದ್ದು ಎನ್ನಲಿಲ್ಲ. ‘ಇಲ್ಲಿನ’ ಎನ್ನುವಾಗ ಬೆರಳು ನೆಲದ ಕಡೆ ಇರುತ್ತದೆ.

ಪತ್ರಿಕೆಗಳು ಬದಲಾದವು. 1982ರಲ್ಲಿ ‘ದಿಯಾರಿಯೊ 16’. 1989ರಲ್ಲಿ ‘ಎಲ್ ಮುಂದೊ’ ಆರಂಭವಾದಾಗ ಅದರ ಸ್ಥಾಪಕರ ಗುಂಪಿನಲ್ಲಿ ಒಬ್ಬರು. 1995ರಲ್ಲಿ ಅದನ್ನು ಬಿಟ್ಟು ‘ಎಲ್ ಪಾಯಿಸ್’ಗೆ. ಅಲ್ಲಿಂದ ಕೊನೆಯವರೆಗೆ ಅಲ್ಲೇ. ನಡುವೆ ಒಂದು ಕಾದಂಬರಿ, ರೇಡಿಯೊ ಕಾರ್ಯಕ್ರಮಗಳು, ಕಂಪ್ಯೂಟರು ಬಂದ ಹೊಸದರಲ್ಲಿ ‘ದಡ್ಡರಿಗಾಗಿ’ ಎಂಬ ಕೈಪಿಡಿ ಮಾಲೆಗೆ ಚಿತ್ರಗಳು. ಹಾರ್ಡ್ ಡಿಸ್ಕ್ ಎಂದರೇನು ಎಂಬ ಪಾಠದ ಪಕ್ಕದಲ್ಲಿ ಅದೇ ಮೂಗಿನವನು ಕಂಗಾಲಾಗಿ ನಿಂತಿರುತ್ತಿದ್ದ. ಒಂದು ತಲೆಮಾರು ಮೌಸ್ ಹಿಡಿಯಲು ಕಲಿತದ್ದು ಅವನ ಜೊತೆ.

ಅವರ ಸುತ್ತ ಎರಡು ಎತ್ತರದ ಹೆಸರುಗಳಿದ್ದವು. ಒಬ್ಬರು ಅಂತೋನಿಯೊ ಮಿಂಗೋತೆ. 1953ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ‘ಎಬಿಸಿ’ ಎಂಬ ರಾಜನಿಷ್ಠ ಪತ್ರಿಕೆಗೆ ಬರೆದರು. 1987ರಲ್ಲಿ ಭಾಷಾ ಅಕಾಡೆಮಿಗೆ ಆಯ್ಕೆಯಾದರು. ಕೊನೆಗಾಲದಲ್ಲಿ ದೊರೆ ಅವರಿಗೆ ಮಾರ್ಕ್ವಿಸ್ ಪದವಿಯನ್ನೂ ಕೊಟ್ಟ. ಸ್ವಾರಸ್ಯವೆಂದರೆ ಮಿಂಗೋತೆ ಹುಟ್ಟಿದ್ದೂ ಜನವರಿ 17ರಂದೇ, 1919ರಲ್ಲಿ. ಅದು ಸಂತ ಅಂತೋನಿಯ ಹಬ್ಬದ ದಿನ. ಇಬ್ಬರ ಹೆಸರೂ ಅಂತೋನಿಯೊ.

ಇನ್ನೊಬ್ಬರು ‘ಎಲ್ ರೋತೊ’, ಎಂದರೆ ‘ಮುರಿದವನು’, ಎಂಬ ಅಂಕಿತದ ಆಂದ್ರೆಸ್ ರಾಬಾಗೊ. 1947ರಲ್ಲಿ ಹುಟ್ಟಿದವರು, ತೋಳಣ್ಣನ ಪತ್ರಿಕೆಯಲ್ಲಿ ‘ಓಪ್ಸ್’ ಎಂಬ ಹೆಸರಿನಲ್ಲಿ ಮಾತಿಲ್ಲದ ಕರಾಳ ಚಿತ್ರ ಬರೆಯುತ್ತಿದ್ದವರು. ಮುಂದೆ ಅವರೂ ‘ಎಲ್ ಪಾಯಿಸ್’ಗೇ ಬಂದರು. ರೋತೊ ಚಿತ್ರ ನೋಡಿ ಯಾರೂ ನಗುವುದಿಲ್ಲ. ಒಂದೇ ವಾಕ್ಯ, ಕಲ್ಲಿನಂತೆ. ಒಂದೇ ಪತ್ರಿಕೆಯೊಳಗೆ ಇಬ್ಬರನ್ನೂ ಓದುವವನಿಗೆ ಒಂದು ಕಡೆ ಗುದ್ದು, ಇನ್ನೊಂದು ಕಡೆ ಕಚಗುಳಿ. ಫೋರ್ಹೆಸ್ ಅವರ ಕಚಗುಳಿ ಮೆತ್ತಗೆ ಎಂದು ದೂರಿದವರಿಗೆ ಕೊರತೆಯಿರಲಿಲ್ಲ. ಆದರೆ 2008ರ ನಂತರದ ಆರ್ಥಿಕ ಬಿಕ್ಕಟ್ಟಿನಲ್ಲಿ ಆ ಚೌಕವೂ ಗಟ್ಟಿಯಾಯಿತು. 2013ರ ಆರಂಭದಲ್ಲಿ ಸ್ಪೇನಿನ ನಿರುದ್ಯೋಗ 26% ದಾಟಿತ್ತು; ಸಾಲದ ಕಂತು ಕಟ್ಟಲಾಗದವರನ್ನು ಬ್ಯಾಂಕುಗಳು ಮನೆಯಿಂದ ಹೊರಹಾಕುತ್ತಿದ್ದವು; ಓದಿದ ಹುಡುಗ ಹುಡುಗಿಯರು ಜರ್ಮನಿಗೆ, ಇಂಗ್ಲೆಂಡಿಗೆ ಹೊರಟಿದ್ದರು. ಮಾರಿ ಬಂದ ಊರಿನ ಹಾಗಿದ್ದ ಆ ದಿನಗಳಲ್ಲಿ ಕೆಲಸ ಕಳೆದುಕೊಂಡ ಗುಮಾಸ್ತ, ಸಂಶೋಧನೆಗೆ ಹಣ ನಿಂತ ವಿಜ್ಞಾನಿ, ಮಗಳು ವಲಸೆ ಹೋದ ಮನೆ ಅವರ ದಪ್ಪ ಅಂಚಿನೊಳಗೆ ಸಾಲಾಗಿ ಬಂದವು.

ಗೌರವಗಳೂ ಬಂದವು. 2007ರಲ್ಲಿ ದುಡಿಮೆಗಾಗಿ ಸರ್ಕಾರ ಕೊಡುವ ಚಿನ್ನದ ಪದಕ, 2011ರಲ್ಲಿ ಲಲಿತಕಲೆಯ ಚಿನ್ನದ ಪದಕ, ಕತಲೋನಿಯಾದ ಸಂತ ಜೋರ್ಡಿ ಶಿಲುಬೆ, ವ್ಯಂಗ್ಯಚಿತ್ರಕ್ಕೆ ಮೀಸಲಾದ ಕೆವೆಡೋಸ್ ಪ್ರಶಸ್ತಿ. ಈ ಪಟ್ಟಿಯಲ್ಲಿ ಒಪ್ಪುವ ಪದಕ ಮೊದಲನೆಯದು. ಕಲೆಯದ್ದಕ್ಕಿಂತ ನಾಲ್ಕು ವರ್ಷ ಮುಂಚೆ ಬಂದದ್ದು ದುಡಿಮೆಯದು: 14ರಿಂದ ಕೂಲಿಗೆ ನಿಂತವನ ಪದಕ.

ಆದರೆ

ಈಗ ಮತ್ತೆ ಹೈಟಿಗೆ. ಭೂಕಂಪವಾದ ವರ್ಷದ ಅಕ್ಟೋಬರಿನಲ್ಲಿ, ಸುದ್ದಿಗಾರರು ಬಹುಪಾಲು ವಾಪಸಾದ ಮೇಲೆ, ಹೈಟಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಆ ದೇಶಕ್ಕೆ ಅದು ಶತಮಾನದಿಂದ ಕಾಣದ ರೋಗ. ಸುಮಾರು ಹತ್ತು ಸಾವಿರ ಜನ ಅದರಿಂದ ಸತ್ತರು. ಬಂದದ್ದೆಲ್ಲಿಂದ? ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಮಲ ನದಿಗೆ ಸೇರಿದ್ದರಿಂದ ಎಂದು ವಿಜ್ಞಾನಿಗಳು ಬೇಗನೆ ಪತ್ತೆಹಚ್ಚಿದರು. ಅದರಲ್ಲಿ ತನ್ನ ಪಾತ್ರವಿದೆಯೆಂದು ವಿಶ್ವಸಂಸ್ಥೆ ಬಾಯಿಬಿಟ್ಟಿದ್ದು 2016ರಲ್ಲಿ. ಈ ನಡುವೆ ಜಗತ್ತಿನ ಮುಖಪುಟಗಳಲ್ಲಿ ಎಷ್ಟೋ ಯುದ್ಧ, ಎಷ್ಟೋ ಚುನಾವಣೆ, ಎಷ್ಟೋ ಕಪ್ ಪಂದ್ಯ ಬಂದುಹೋದವು. 2010ರ ಜುಲೈನಲ್ಲಿ ಸ್ಪೇನ್ ಫುಟ್‌ಬಾಲ್ ವಿಶ್ವಕಪ್ಪನ್ನೇ ಗೆದ್ದು ಬೀದಿಗಿಳಿದು ಕುಣಿಯಿತು.

ಫೋರ್ಹೆಸ್ ಅವರ ಸಾಲನ್ನು ಸ್ಪ್ಯಾನಿಷ್‌ನಲ್ಲಿ ಓದಬೇಕು: ‘ಪೆರೊ ನೋ ತೆ ಓಲ್ವಿದೆಸ್ ದೆ ಐತಿ’. ಐದಾರು ಪುಟ್ಟ ಪದ. ಇದರಲ್ಲಿ ಎರಡು ಸೂಕ್ಷ್ಮಗಳಿವೆ.

ಒಂದು, ಆ ‘ತೆ’. ಕನ್ನಡದಂತೆಯೇ ಸ್ಪ್ಯಾನಿಷ್‌ಗೂ ನೀನು ಬೇರೆ, ನೀವು ಬೇರೆ. ಪತ್ರಿಕೆ ಓದುಗರನ್ನು ಉದ್ದೇಶಿಸಿದರೆ ‘ನೀವು’ ಎನ್ನುವುದು ಮರ್ಯಾದೆ; ಮಂತ್ರಿಯ ಮನವಿ ಆ ಧಾಟಿ. ಫೋರ್ಹೆಸ್ ಬರೆದದ್ದು ‘ನೀನು’. ಹಾಗಾಗಿ ಕನ್ನಡದಲ್ಲಿ ಅದು ‘ಮರೆಯಬೇಡಿ’ ಆಗಲಾರದು, ‘ಮರೆಯಬೇಡ’ ಎಂದೇ ಆಗಬೇಕು. ಮಾರುಕಟ್ಟೆಗೆ ಹೊರಟವನಿಗೆ ಬಾಗಿಲಲ್ಲಿ ನಿಂತು, ಕೊತ್ತಂಬರಿ ಸೊಪ್ಪು ಮರೀಬೇಡ ಎನ್ನುವ ದನಿ ಅದು. ಕೋಂಚಾ ಮಾರಿಯಾನೊಗೆ ಹೇಳಬಹುದಾದ ದನಿ.

ಇನ್ನೊಂದು, ಮೊದಲ ಪದ ‘ಪೆರೊ’: ಆದರೆ. ಬರೀ ‘ಹೈಟಿಯನ್ನು ಮರೆಯಬೇಡ’ ಎಂದಿದ್ದರೆ ಅದೊಂದು ಘೋಷಣೆ. ಮೂರನೆಯ ದಿನ ಕಣ್ಣು ಅದನ್ನು ದಾಟಿಹೋಗುತ್ತಿತ್ತು. ‘ಆದರೆ’ ಇರುವುದರಿಂದ ಅದು ಅವತ್ತವತ್ತಿನ ನಗೆಗೆ ಗಂಟು ಬೀಳುತ್ತದೆ. ಬ್ಯಾಂಕಿನವನು ಹೀಗಂದ, ಆದರೆ. ಸೆಖೆ ಜಾಸ್ತಿಯಾಯಿತು, ಆದರೆ. ವಿಶ್ವಕಪ್ ಗೆದ್ದೆವು, ಆದರೆ. ಸಾಲು ಹಳೆಯದು, ಅದು ಆನಿಸಿಕೊಳ್ಳುವ ಮಾತು ದಿನವೂ ಹೊಸದು. ನಗು ಮುಗಿಯುವ ಜಾಗದಲ್ಲೇ ಅದು ಕಾದು ಕೂತಿರುತ್ತಿತ್ತು.

2018ರ ಫೆಬ್ರವರಿ 22ರಂದು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ, 76ನೇ ವಯಸ್ಸಿನಲ್ಲಿ ಅಂತೋನಿಯೊ ಫ್ರಾಗ್ವಾಸ್ ಮ್ಯಾಡ್ರಿಡ್‌ನಲ್ಲೇ ತೀರಿಕೊಂಡರು. ದೊರೆ, ಪ್ರಧಾನಿ, ಎಡ-ಬಲ ಎನ್ನದೆ ಎಲ್ಲ ಪತ್ರಿಕೆಗಳು ಸಂತಾಪ ಬರೆದವು. ಹೈಟಿಯ ಭೂಕಂಪಕ್ಕೆ ಆಗ ಎಂಟು ವರ್ಷ ಕಳೆದಿತ್ತು.